ಹಳೆಯ ಟೀ ಕಪ್ಪು-ಬಸಿ ಕೊಳ್ಳುವ ಮೊದಲು ಮಗುಚಿ ನೋಡಿ

ಕೆಜಿಎಫ್ ಕಡೆ ಹಳೆಯ ಪಿಂಗಾಣಿ ಮಾರುವವರ ಬಾಯಲ್ಲಿ ಒಂದೇ ಮಾತು: "ಗಣಿ ದೊರೆ ಬಂಗಲೆಯದ್ದು ಸಾರ್." ಇದ್ದರೂ ಇರಬಹುದು. 1880ರ ದಶಕದಲ್ಲಿ ಜಾನ್ ಟೇಲರ್ ಅನ್ನುವ ಬ್ರಿಟಿಷ್ ಗಣಿ ಕಂಪನಿ ಬಂದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರು ಇಲ್ಲಿ ಬಂದು ನೆಲೆಸಿದರು. ತಮಾಷೆ ಅಂದ್ರೆ, ಇಂಗ್ಲಿಷ್ ಬೋನ್ ಚೈನಾದ, ಅಂದರೆ ಮೂಳೆ ಬೂದಿ ಬೆರೆಸಿದ ಪಿಂಗಾಣಿಯ, ಬಿಳಿ ಜೇಡಿಯೂ ಅದೇ ಕಾರ್ನ್‌ವಾಲ್‌ನದು. ಆದರೆ ಕಥೆಗೆ ದುಡ್ಡು ಕೊಡಬೇಡಿ. ಕಪ್ಪು ಮಗುಚಿ ತಳ ನೋಡಿ.

ತಳದಲ್ಲಿ 'ಸ್ಥಾಪನೆ 1775' ಅನ್ನುವ ಅರ್ಥದ ಮುದ್ರೆ ಕಂಡರೆ ಹಿಗ್ಗಬೇಡಿ. ಅದು ಐನ್ಸ್‌ಲೀ ಅನ್ನುವ ಇಂಗ್ಲಿಷ್ ಪಿಂಗಾಣಿ ಕಂಪನಿ ಹುಟ್ಟಿದ ವರ್ಷ, ಕಪ್ಪು ಹುಟ್ಟಿದ್ದಲ್ಲ. ಇನ್ನೂರೈವತ್ತು ವರ್ಷ ಹಳೆಯದು ಅಂತ ನನ್ನ ಹತ್ತಿರ ಬರುವ ಕಪ್ಪುಗಳಲ್ಲಿ ಈ ಪೈಕಿಯವೇ ಜಾಸ್ತಿ. ಕಿರೀಟದ ಗುರುತೂ ಅಷ್ಟೆ, ಅದರಿಂದ ವಯಸ್ಸು ತಿಳಿಯದು. ದೇಶದ ಹೆಸರು ಇದಕ್ಕಿಂತ ನಂಬಿಕಸ್ಥ. ಅಮೆರಿಕದ ಸುಂಕದ ಕಾನೂನಿನಿಂದಾಗಿ 1891ರಿಂದ ಅಲ್ಲಿಗೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕಾಯಿತು. ಹಾಗಾಗಿ 'ಇಂಗ್ಲೆಂಡ್' ಅಂತಿದ್ದರೆ ಸಾಮಾನ್ಯವಾಗಿ ಅದರ ನಂತರದ್ದು, 'ಮೇಡ್ ಇನ್ ಇಂಗ್ಲೆಂಡ್' ಅಂತಿದ್ದರೆ ಬಹುಪಾಲು ಇಪ್ಪತ್ತನೇ ಶತಮಾನದ್ದು. ಜಪಾನಿನವು 1921ರವರೆಗೆ 'ನಿಪ್ಪಾನ್', ಆಮೇಲೆ 'ಜಪಾನ್'.

ಇನ್ನು ಜೋಡಿ. ಬೆಲೆ ಏಳುವುದೂ ಬೀಳುವುದೂ ಇಲ್ಲೇ. ಕಪ್ಪು ಒಂದು ಮನೆಯದು, ಬಸಿ ಇನ್ನೊಂದು ಮನೆಯದು, ಎರಡನ್ನೂ ಸೇರಿಸಿ ಸೆಟ್ ಅನ್ನುವುದು ಮಾಮೂಲು. ಎರಡರ ತಳದಲ್ಲೂ ಒಂದೇ ಮುದ್ರೆ ಇದೆಯಾ, ಕೈಯಲ್ಲಿ ಬರೆದ ಪ್ಯಾಟರ್ನ್ (ಚಿತ್ತಾರದ) ನಂಬರ್ ಇದ್ದರೆ ಅದೂ ಒಂದೇನಾ ನೋಡಿ. ಕಪ್ಪನ್ನು ಬಸಿಯ ಗುಳಿಯಲ್ಲಿಟ್ಟು ನಿಧಾನ ತಿರುಗಿಸಿ. ಅತ್ತಿತ್ತ ಜಾರಿದರೆ ಅನುಮಾನಪಡಿ. ಬಳಸಿದ ಬಸಿಯ ಗುಳಿಯಲ್ಲಿ ಕಪ್ಪಿನ ಪಾದ ಉಜ್ಜಿ ತೆಳುವಾದ ಗೀರುಗಳು ಬಿದ್ದಿರುತ್ತವೆ. ಬೆಳಕಿಗೆ ಓರೆ ಹಿಡಿದರೆ ಕಾಣುತ್ತವೆ. ಕಪ್ಪಿನ ಚಿನ್ನದ ಅಂಚು ಸವೆದು ಬಸಿಯದು ಮಾತ್ರ ಫಳಫಳ ಅಂದರೆ ಒಂದು ಪ್ರಶ್ನೆ ಕೇಳಿ. ನಮ್ಮವರಂತೂ ಬಸಿಗೆ ಸುರಿದುಕೊಂಡು ಸೊರ್ ಅಂತ ಕುಡಿಯುವವರು, ಬಸಿಯ ಅಂಚೂ ಸವೆಯಬೇಕಲ್ವಾ?

ಬೋನ್ ಚೈನಾದಲ್ಲಿ ಅರ್ಧದಷ್ಟು ಮೂಳೆ ಬೂದಿ. ಬೆಳಕಿಗೆ ಹಿಡಿದರೆ ಹಿಂದಿರುವ ಬೆರಳಿನ ನೆರಳು ಕಾಣಬೇಕು.

ಬಿರುಕು ಹುಡುಕಲು ಕಪ್ಪನ್ನು ಅಂಗೈ ಮೇಲಿಟ್ಟು ಅಂಚಿಗೆ ಉಗುರಿನಿಂದ ಮೆಲ್ಲಗೆ ತಟ್ಟಿ. ಠಣ್ ಅಂತ ಎಳೆದು ನಿಂತರೆ ಸರಿ, ದಪ್ ಅಂದರೆ ಎಲ್ಲೋ ಕೂದಲೆಳೆ ಸೀಳಿದೆ. ಆದರೆ ಅಂಟಿಸಿ ಬಣ್ಣ ಬಳಿದದ್ದು ಕೆಲವೊಮ್ಮೆ ಕಿವಿಗೂ ಸಿಗುವುದಿಲ್ಲ. ಅದಕ್ಕೆ ನೋಟು ಪರೀಕ್ಷಿಸುವ ನೇರಳೆ (ಯುವಿ) ಟಾರ್ಚ್ ತನ್ನಿ. ಕತ್ತಲಲ್ಲಿ ಹಿಡಿದರೆ ರಿಪೇರಿಯಾದ ಜಾಗ ಎಷ್ಟೋ ಸಲ ಬೇರೆ ಥರ ಹೊಳೆಯುತ್ತದೆ. ಹಿಡಿ ಸೇರುವ ಎರಡು ಕಡೆ ತಪ್ಪದೆ ನೋಡಿ.

ಮನೆಗೆ ತಂದ ಮೇಲೆ ಬಿಸಿ ನೀರಿನಲ್ಲಿ ನೆನೆಸಬೇಡಿ, ಸ್ಕ್ರಬ್ಬರ್ ಹಾಕಿ ತಿಕ್ಕಬೇಡಿ. ಚಿನ್ನದ ಅಂಚಿನ ಕಪ್ಪನ್ನು ಮೈಕ್ರೋವೇವ್‌ಗೆ ಇಟ್ಟರೆ ಕಿಡಿ ಹಾರುತ್ತದೆ. ಟೀ ಕಲೆಗೆ ಅಡುಗೆ ಸೋಡ ಸಾಕು. ಅದನ್ನೂ ಚಿನ್ನಕ್ಕೆ ತಾಗಿಸದೆ, ಬೆರಳಲ್ಲೇ ಉಜ್ಜಿ.