ಓದುಗರ ಪ್ರಶ್ನೆ: ಗೇನ್ ಫುಲ್ ಇಟ್ಟರೂ 90.4 ಯಾಕೆ ಕೇಳಿಸುತ್ತಿಲ್ಲ?

ಪ್ರಶ್ನೆ: ಬೆಂಗಳೂರಿನಲ್ಲಿದ್ದೇನೆ. ಒಂದೇ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ನಲ್ಲಿ (ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ರೇಡಿಯೊ ರಿಸೀವರ್) 90.4, 91.1, 91.9, 92.7 ನಾಲ್ಕೂ ಎಫ್‌ಎಂ ಸ್ಟೇಷನ್‌ಗಳನ್ನು ಒಟ್ಟಿಗೆ ರೆಕಾರ್ಡ್ ಮಾಡಬೇಕು. ಸ್ಯಾಂಪಲ್ ರೇಟ್ 2.4 (ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್). ನಡುವಿನ ಎರಡು ಚೆನ್ನಾಗಿ ಬರುತ್ತವೆ. 92.7 ಒಡೆದು ಬರುತ್ತದೆ, 90.4ರಲ್ಲಿ ಬರೀ ಗೊರಗೊರ. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಫುಲ್ ಇಟ್ಟಿದ್ದೇನೆ. ದೊಡ್ಡ ಆಂಟೆನಾ ಹಾಕಲೇ?

ಉತ್ತರ: ಆಂಟೆನಾ ಬೇಡ. ಗೇನ್ ಇಳಿಸಿ.

ಊರು ಬೇರೆ, ಸ್ಟೇಷನ್ ಬೇರೆ ಆದರೂ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಪ್ರತಿ ಸಲವೂ ‘ಗೇನ್ ಫುಲ್ ಇಟ್ಟಿದ್ದೇನೆ’ ಎಂಬ ಸಾಲು ಜೊತೆಗೇ ಬರುತ್ತದೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಅದಕ್ಕೂ ಮೊದಲು ಅಗಲದ ಲೆಕ್ಕ ಮುಗಿಸಿಬಿಡೋಣ.

ಸ್ಯಾಂಪಲ್ ರೇಟ್ ಎಷ್ಟೋ, ಡಾಂಗಲ್ ಒಮ್ಮೆಗೆ ನೋಡುವ ಅಗಲವೂ ಅಷ್ಟೇ ಮೆಗಾಹರ್ಟ್ಸ್. 90.4ರಿಂದ 92.7ರವರೆಗೆ 2.3 ಮೆಗಾಹರ್ಟ್ಸ್. 2.4ರಲ್ಲಿ ಹಿಡಿಸುತ್ತದೆ ಅಂತ ಅನಿಸುತ್ತದೆ, ಅಲ್ವಾ? ಆದರೆ ಒಂದೊಂದು ಎಫ್‌ಎಂ ಸ್ಟೇಷನ್ ತನ್ನ ಎರಡೂ ಬದಿಗೆ ಸುಮಾರು 0.1 ತೆಗೆದುಕೊಳ್ಳುತ್ತದೆ. ಆಗ ಬೇಕಾಗುವುದು 2.5. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಇಲ್ಲಿ ಚಾಚಿದ ಕಾಲು ಹೊರಗೆ ಉಳಿಯುವುದೂ ಇಲ್ಲ, ಇನ್ನೊಂದು ತುದಿಯಿಂದ ಒಳಗೆ ಬರುತ್ತದೆ. ಮಧ್ಯದ ಫ್ರೀಕ್ವೆನ್ಸಿ 91.55 ಇಟ್ಟರೆ ಬಲ ಅಂಚು 92.75. ಅದನ್ನು ದಾಟಿದ 92.7ರ ಚೂರು ಮಡಚಿಕೊಂಡು 90.35ರ ಹತ್ತಿರ ಬೀಳುತ್ತದೆ. ಅದು ಸರಿಯಾಗಿ ನಿಮ್ಮ 90.4ರ ಜಾಗ. 3.2ಕ್ಕೆ ಏರಿಸಬಹುದು ಎನ್ನುತ್ತೀರಿ. ಚಿಪ್ ಒಪ್ಪುತ್ತದೆ, ಆದರೆ ಆ ವೇಗದಲ್ಲಿ ಸ್ಯಾಂಪಲ್‌ಗಳು ದಾರಿಯಲ್ಲೇ ಕಳೆದುಹೋಗುತ್ತವೆ. ಆಗ ನಾಲ್ಕೂ ಸ್ಟೇಷನ್ ಕಟ್ ಕಟ್ ಆಗುತ್ತವೆ.

ಈಗ ಗೇನ್.

‘ಗೇನ್ ಜಾಸ್ತಿ ಮಾಡಿದರೆ ಸಿಗ್ನಲ್ ಚೆನ್ನಾಗಿ ಬರುತ್ತದೆ’ ಎಂಬ ನಂಬಿಕೆ ಹುಟ್ಟುವುದು ಪರದೆಯ ಮೇಲಿನ ಗ್ರಾಫ್ ನೋಡಿ. ಗೇನ್ ಏರಿಸಿದರೆ ಸ್ಟೇಷನ್‌ಗಳ ಶಿಖರ ಎತ್ತರ ಆಗುತ್ತದೆ, ಖುಷಿ ಆಗುತ್ತದೆ. ದಯವಿಟ್ಟು ಶಿಖರ ನೋಡಬೇಡಿ, ಅದರ ಬುಡ ನೋಡಿ. ಬುಡದ ಗದ್ದಲವೂ ಜೊತೆಗೇ ಏರಿದ್ದರೆ ನಿಮಗೆ ಸಿಕ್ಕಿದ್ದು ಏನೂ ಇಲ್ಲ. ಕಿವಿಗೆ ಬೇಕಾದದ್ದು ಶಿಖರಕ್ಕೂ ಬುಡಕ್ಕೂ ಇರುವ ಅಂತರ.

ಈ ಡಾಂಗಲ್‌ನ ಎಡಿಸಿ (ಸಿಗ್ನಲ್ ಅನ್ನು ಸಂಖ್ಯೆಗಳಾಗಿಸುವ ಭಾಗ) 8 ಬಿಟ್‌ನದು. ಅಂದರೆ 256 ಹಂತ, ಸುಮಾರು 48 ಡಿಬಿ (ಡೆಸಿಬೆಲ್, ಸಿಗ್ನಲ್ ಬಲದ ಅನುಪಾತ ಅಳೆಯುವ ಮಾನ). ಅಷ್ಟರಲ್ಲೇ ನಾಲ್ಕೂ ಸ್ಟೇಷನ್ ಬದುಕಬೇಕು. 90.4 ಸಮುದಾಯ ರೇಡಿಯೊ. ಅಂಥ ಸ್ಟೇಷನ್‌ಗಳಿಗೆ ಸಾಮಾನ್ಯವಾಗಿ ಇರುವ ಮಿತಿ 100 ವ್ಯಾಟ್. ಪಕ್ಕದ ಖಾಸಗಿ ಸ್ಟೇಷನ್‌ಗಳು ಕಿಲೋವ್ಯಾಟ್‌ಗಳಲ್ಲಿ ಕೂಗುತ್ತವೆ. ಗೇನ್ ಫುಲ್ ಇಟ್ಟರೆ ದೊಡ್ಡವರೇ 256 ಹಂತವನ್ನೂ ತುಂಬಿಬಿಡುತ್ತಾರೆ. ಚಿಕ್ಕವನಿಗೆ ಕೆಳಗಿನ ಒಂದೆರಡು ಹಂತ ಉಳಿದರೆ ಅದೇ ಪುಣ್ಯ. ಆಟೋ ಗೇನ್ ಹಾಕಿದರೂ ಕಥೆ ಅದೇ. ಅದು ಒಟ್ಟು ಬಲ ನೋಡಿ ಏರಿಳಿಯುತ್ತದೆ, ನಿಮಗೆ ಯಾವ ಸ್ಟೇಷನ್ ಬೇಕು ಅಂತ ಅದಕ್ಕೆ ಗೊತ್ತಿಲ್ಲ.

ಇಷ್ಟೇ ಆಗಿದ್ದರೂ ಸಹಿಸಬಹುದಿತ್ತು. ಇನ್ನೊಂದು ಪೆಟ್ಟು ಎಡಿಸಿಗಿಂತ ಮೊದಲೇ ಬೀಳುತ್ತದೆ, ಬೇಕಾದ ಫ್ರೀಕ್ವೆನ್ಸಿ ಆರಿಸುವ ಟ್ಯೂನರ್ ಚಿಪ್‌ನಲ್ಲಿ. ಅದಕ್ಕೆ ತಡೆಯಲಾರದಷ್ಟು ಬಲ ಕೊಟ್ಟರೆ ಸ್ಟೇಷನ್‌ಗಳು ಒಂದರೊಳಗೊಂದು ಬೆರೆತು, ಗಾಳಿಯಲ್ಲಿ ಇಲ್ಲದ ಸುಳ್ಳು ಸಿಗ್ನಲ್ ಹುಟ್ಟುತ್ತದೆ. ಇದನ್ನೇ ಇಂಟರ್‌ಮಾಡ್ ಎನ್ನುವುದು. ಪೆನ್ನು ತಗೊಂಡು ಲೆಕ್ಕ ಹಾಕಿ. 91.1ರ ಎರಡರಷ್ಟರಲ್ಲಿ 91.9 ಕಳೆಯಿರಿ: 90.3. ಈಗ 91.1ಕ್ಕೆ 91.9 ಕೂಡಿಸಿ 92.7 ಕಳೆಯಿರಿ: ಮತ್ತೆ 90.3! ಈ ಸುಳ್ಳು ಸಿಗ್ನಲ್ ನಿಜವಾದ ಸ್ಟೇಷನ್‌ಗಿಂತ ಅಗಲ. ಹಾಗಾಗಿ 90.4ರ ಮೇಲೂ ಹರಡಿ ಕೂರುತ್ತದೆ. ನೀವು ಕೇಳುತ್ತಿರುವ ಗೊರಗೊರದಲ್ಲಿ ದೊಡ್ಡ ಪಾಲು ನಿಮ್ಮ ಡಾಂಗಲ್ ಒಳಗೇ ತಯಾರಾದದ್ದು. ದೊಡ್ಡ ಆಂಟೆನಾ ಹಾಕಿದರೆ ಅದು ಇನ್ನೂ ಬೆಳೆಯುತ್ತದೆ.

ನನ್ನ ಮಾತು ನಂಬಬೇಕಾಗಿಲ್ಲ, ನೀವೇ ಪರೀಕ್ಷೆ ಮಾಡಿ. ಗೇನ್ 10 ಡಿಬಿ ಇಳಿಸಿ. ನಿಜವಾದ ಸ್ಟೇಷನ್ 10 ಡಿಬಿಯಷ್ಟೇ ಇಳಿಯುತ್ತದೆ. ಸುಳ್ಳು ಸಿಗ್ನಲ್ ಹೆಚ್ಚು ಕಡಿಮೆ 30 ಡಿಬಿ ಕುಸಿಯುತ್ತದೆ. ಕೆಳಗೆ ಇಳಿಸಿದಾಗ ಚಿಕ್ಕ ಸ್ಟೇಷನ್ ಮೇಲೆ ಬರುವುದನ್ನು ಒಮ್ಮೆ ಕಣ್ಣಾರೆ ಕಂಡವರು ಮತ್ತೆ ಆ ಸ್ಲೈಡರನ್ನು ತುದಿಗೆ ತಳ್ಳುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಆಟೋ ಗೇನ್ ಆಫ್ ಮಾಡಿ. ಆರ್820ಟಿ2 ಟ್ಯೂನರ್‌ನಲ್ಲಿ ಗೇನ್ 49.6ರವರೆಗೆ ಹೋಗುತ್ತದೆ. ನೀವು 20ರ ಆಸುಪಾಸಿನಲ್ಲಿ ಶುರು ಮಾಡಿ, ಒಂದೊಂದೇ ಹಂತ ಏರಿಸಿ. 90.4ರ ಬುಡದ ಗದ್ದಲ ಸ್ಟೇಷನ್‌ಗಿಂತ ಬೇಗ ಏರತೊಡಗಿದ ಕಡೆ ನಿಂತು ಒಂದು ಹಂತ ಹಿಂದೆ ಬನ್ನಿ. ಈ ಡಾಂಗಲ್‌ಗೆ 90.4, 91.1, 91.9 ಮೂರೇ ಸಾಕು. ಮಧ್ಯ 91.3 ಇಡಿ, ಕಂಪ್ಯೂಟರ್ ತಡೆದುಕೊಂಡರೆ ಸ್ಯಾಂಪಲ್ ರೇಟ್ 2.56 ಮಾಡಿ. 2.4ರಲ್ಲೇ ಬಿಟ್ಟರೆ ಹೊರಗಿರುವ 92.7 ಮಡಚಿಕೊಂಡು ಮತ್ತೆ 90.3ಕ್ಕೇ ಬರುತ್ತದೆ. 92.7ಕ್ಕೆ ಇನ್ನೊಂದು ಡಾಂಗಲ್ ಇಡಿ. ಎಫ್‌ಎಂ ನಾಚ್ ಫಿಲ್ಟರ್ ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಎಫ್‌ಎಂ ಬೇಡ ಎನ್ನುವವರಿಗೆ, ನಿಮಗೆ ಬೇಕಾದದ್ದನ್ನೇ ಅದು ನುಂಗುತ್ತದೆ.

ಯಾರೂ ಕೇಳದ ಪ್ರಶ್ನೆ ಒಂದಿದೆ: ಸುಳ್ಳು ಸಿಗ್ನಲ್‌ಗಳು ಹೆಚ್ಚಾಗಿ ಇನ್ನೊಂದು ಸ್ಟೇಷನ್ ಪಕ್ಕದಲ್ಲೇ ಬೀಳುವುದು ಯಾಕೆ? 91.1, 91.9, 92.7, 93.5 ನೋಡಿ, ಎಲ್ಲವೂ 0.8ರ ಅಂತರದಲ್ಲಿವೆ. ನಮ್ಮಲ್ಲಿ ಒಂದೇ ಊರಿನ ಖಾಸಗಿ ಸ್ಟೇಷನ್‌ಗಳನ್ನು ಕನಿಷ್ಠ 800 ಕಿಲೋಹರ್ಟ್ಸ್ ದೂರ ಇಟ್ಟು ಹಂಚಿದ್ದಾರೆ. ಅವು ಒಂದೇ ಗೋಪುರ, ಒಂದೇ ಆಂಟೆನಾ ಹಂಚಿಕೊಳ್ಳುವ ವ್ಯವಸ್ಥೆಯೂ ಇದೆ. ಹಲವು ಟ್ರಾನ್ಸ್‌ಮಿಟರ್‌ಗಳನ್ನು ಒಂದೇ ಆಂಟೆನಾಕ್ಕೆ ಸೇರಿಸುವ ಕಂಬೈನರ್‌ನ ಫಿಲ್ಟರ್‌ಗಳಿಗೆ ಅಷ್ಟು ಅಂತರ ಇದ್ದರೆ ಕೆಲಸ ಸುಲಭ. ಮನೆಯ ಸಾಮಾನ್ಯ ರೇಡಿಯೊಗೂ ಅನುಕೂಲ. ಆದರೆ ಸಮ ಅಂತರದಲ್ಲಿರುವ ಸ್ಟೇಷನ್‌ಗಳು ಬೆರೆತರೆ ಹುಟ್ಟುವುದೂ ಅದೇ ಅಂತರದಲ್ಲಿ ಹುಟ್ಟುತ್ತದೆ. 91.9ರ ಎರಡರಷ್ಟರಲ್ಲಿ 91.1 ಕಳೆದರೆ 92.7 ಬರುತ್ತದೆ, ಅಲ್ಲಿ ನಿಜವಾದ ಸ್ಟೇಷನ್ ಇದೆ. ಆಕಾಶವಾಣಿಯ ಕಾಮನಬಿಲ್ಲು 101.3, ವಿವಿಧ ಭಾರತಿ 102.9. ಇವೆರಡು ಬೆರೆತರೆ ಬರುವುದು 99.7 ಮತ್ತು 104.5, ಎರಡೂ ಆ ಸ್ಟೇಷನ್‌ಗಳ ಮೇಲೆ ಬೀಳುವುದಿಲ್ಲ. ಹಲವು ಚಾನೆಲ್ ಹಿಡಿಯುವುದನ್ನು ಕಲಿಯಲು ಆ ಜೋಡಿಯಿಂದ ಶುರು ಮಾಡಿ, 102.2ಕ್ಕೆ ಮಧ್ಯ ಇಟ್ಟು.