ಹಾಲು ಬತ್ತಿಸಿದ ಹಸುವಿಗೆ ಕೆಚ್ಚಲು ಬಾವು ಎಲ್ಲಿಂದ ಬರುತ್ತದೆ?

ಕರೆಯುವುದನ್ನೇ ನಿಲ್ಲಿಸಿದ ಮೇಲೆ ಕೆಚ್ಚಲು ಬಾವು ಹೇಗೆ ಬರುತ್ತದೆ ಅಂತ ನನಗೂ ಮೊದಲು ಅನಿಸಿತ್ತು. ಉತ್ತರ ಇರುವುದು ಮೊಲೆತೊಟ್ಟಿನ ತುದಿಯ ಸಣ್ಣ ತೂತಿನಲ್ಲಿ.

ಕರು ಹಾಕುವ ಮುಂಚೆ ಸುಮಾರು 60 ದಿನ ಹಸುವಿಗೆ ಬಿಡುವು. ದಿನಾ ಕರೆಯುವಾಗ ಒಳಗೆ ನುಗ್ಗಿದ ಬ್ಯಾಕ್ಟೀರಿಯಾ ಹಾಲಿನ ಜೊತೆ ತೊಳೆದು ಹೋಗುತ್ತಿತ್ತು. ಈಗ ಅದು ನಿಂತಿತು. ಬದಲಿಗೆ ಕೆರಾಟಿನ್ ಎಂಬ ಮೇಣದಂಥ ಬಿರಡೆ ಬೆಳೆದು ತೂತು ಮುಚ್ಚಿಕೊಳ್ಳುತ್ತದೆ. (ನಮ್ಮ ಉಗುರಿನಲ್ಲಿರುವುದೂ ಕೆರಾಟಿನ್ನೇ.) ಆದರೆ ನಾಲ್ಕು ತೊಟ್ಟೂ ಒಟ್ಟಿಗೆ ಮುಚ್ಚುವುದಿಲ್ಲ. ಜಾಸ್ತಿ ಹಾಲು ಕೊಡುತ್ತಿದ್ದ ಹಸುವಿನಲ್ಲಿ ಕೆಚ್ಚಲು ಬಿಗಿದು ಹಾಲು ಸೋರುತ್ತದೆ, ಬಿರಡೆ ಕಟ್ಟುವುದಕ್ಕೆ ವಾರಗಳೇ ಬೇಕಾಗಬಹುದು. ಕರು ಹಾಕುವ ಹೊತ್ತಿಗೆ ಅದು ಮತ್ತೆ ಸಡಿಲ. ಅದಕ್ಕೇ ಮೊದಲ 2 ವಾರ ಮತ್ತು ಕೊನೆಯ 2 ವಾರ ಅಪಾಯದ ಕಾಲ. ನಡುವಿನ ದಿನಗಳಲ್ಲಿ ಕೆಚ್ಚಲು ತನ್ನನ್ನು ತಾನೇ ಚೆನ್ನಾಗಿ ಕಾಯ್ದುಕೊಳ್ಳುತ್ತದೆ.

ಹಾಗಾದರೆ ಮೊದಲ ಕೆಲಸ, ಬತ್ತಿಸುವ ಮುಂಚೆ ಹಿಂಡಿ-ಬೂಸಾ ಕಡಿಮೆ ಮಾಡಿ ಹಾಲು ಇಳಿಸುವುದು. ನೀರು ಮಾತ್ರ ಕಡಿಮೆ ಮಾಡಬಾರದು. ನಾಲ್ಕೂ ತೊಟ್ಟಿನ ಹಾಲನ್ನು ಸಿಎಂಟಿ (ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್, ಕೆಚ್ಚಲು ಬಾವಿನ ಪರೀಕ್ಷೆ) ಮಾಡಿದರೆ ಒಳಗೆ ಅಡಗಿರುವ ಸೋಂಕು ಗೊತ್ತಾಗುತ್ತದೆ. ಆ್ಯಂಟಿಬಯೋಟಿಕ್ ಟ್ಯೂಬ್ (ತೊಟ್ಟಿನ ತೂತಿನೊಳಗೆ ಹಾಕುವ ಔಷಧಿ) ಬೇಕೇ, ಯಾವುದು ಎಂಬುದನ್ನು ಪಶುವೈದ್ಯರು ಹೇಳಬೇಕು.

ಎಲ್ಲರೂ ಎಡವುವುದು ಟ್ಯೂಬ್ ಹಾಕುವಾಗ. ಕೊನೆಯ ಸಲ ಪೂರ್ತಿ ಕರೆದು, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ತೊಟ್ಟಿನ ತುದಿ ಉಜ್ಜಬೇಕು. ಹತ್ತಿ ಬೆಳ್ಳಗೇ ಉಳಿಯುವವರೆಗೆ ಹೊಸ ಹೊಸ ಹತ್ತಿ. ಒರೆಸುವಾಗ ಆಚೆ ಬದಿಯ ತೊಟ್ಟು ಮೊದಲು, ಟ್ಯೂಬ್ ಹಾಕುವಾಗ ಈಚೆಯದು ಮೊದಲು. ಆಗ ಒರೆಸಿದ ತೊಟ್ಟಿಗೆ ತೋಳು ತಾಗುವುದಿಲ್ಲ. ಟ್ಯೂಬಿನ ಮೂತಿ 3 ಮಿ.ಮೀ.ನಷ್ಟು ಒಳಗೆ ಹೋದರೆ ಸಾಕು, ಜಾಸ್ತಿ ತುರುಕಿದರೆ ಕೊಳೆಯನ್ನೂ ಒಳಗೆ ತಳ್ಳಿದಂತೆ.

ತೊಟ್ಟನ್ನು ಒಳಗಿನಿಂದ ಮುಚ್ಚುವ ಬಿಸ್ಮತ್ ಸೀಲಂಟ್ ಕೂಡ ಹಾಕುವುದಾದರೆ ಅದು ಕೊನೆಗೆ. ತೊಟ್ಟಿನ ಬುಡವನ್ನು ಎರಡು ಬೆರಳಲ್ಲಿ ಅದುಮಿ ಹಿಡಿದು ಹಾಕಬೇಕು. ಆ್ಯಂಟಿಬಯೋಟಿಕ್ಕನ್ನು ಮೇಲಕ್ಕೆ ನೀವುತ್ತೇವೆ ಅಲ್ವಾ, ಸೀಲಂಟನ್ನು ನೀವಬಾರದು. ಅದು ತೊಟ್ಟಿನಲ್ಲೇ ಕೂರಬೇಕು. ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಅದಕ್ಕಿಲ್ಲ, ಬರೀ ಬಿರಡೆ. ಕೊಳೆ ಸೇರಿಸಿ ಮುಚ್ಚಿದರೆ ಕೊಳೆ ಒಳಗೇ ಉಳಿಯುತ್ತದೆ.

ಆಮೇಲೆ ತೊಟ್ಟನ್ನು ಅದಕ್ಕೆಂದೇ ಇರುವ ಔಷಧಿಯಲ್ಲಿ (ಟೀಟ್ ಡಿಪ್) ಅದ್ದಿ, ಅರ್ಧ ಗಂಟೆ ಹಸು ಮಲಗದಂತೆ ನೋಡಿಕೊಳ್ಳಿ. ಹುಲ್ಲು ಹಾಕಿದರೆ ತಾನೇ ನಿಂತು ತಿನ್ನುತ್ತದೆ. ಮಲಗುವ ಜಾಗ ಒಣಗಿರಲಿ, ಕರು ಹಾಕುವ ಜಾಗವಂತೂ ಇನ್ನೂ. ಕೆಚ್ಚಲು ದಿನಾ ನೋಡಿ. ಆದರೆ ಸುಮ್ನೆ ಹಿಂಡಿ ನೋಡಬೇಡಿ, ಬಿರಡೆ ಕಿತ್ತುಬರುತ್ತದೆ.

ಕರು ಹಾಕಿದ ಮೇಲೆ ಮೊದಲು ಕೈಯಲ್ಲೇ ಹಿಂಡಿ ಸೀಲಂಟ್ ತೆಗೆಯಬೇಕು. ಸುಣ್ಣದ ಪೇಸ್ಟಿನಂಥ ಚೂರುಗಳು ಬರುತ್ತವೆ. ಕೆಚ್ಚಲು ಬಾವಿನ ಗಡ್ಡೆ ಅಂತ ಗಾಬರಿಯಾಗುವುದು ಇಲ್ಲೇ.