ಒದರುವ ಟಿಟ್ಟಿಭ ಭಂಗಿ ಕೊಡುತ್ತಿಲ್ಲ

ಬೇಸಿಗೆ ಬಂತೆಂದರೆ ಹಕ್ಕಿಗಳ ಛಾಯಾಗ್ರಹಣ ಕಲಿಯಲು ಬರುವವರು ಒಂದೇ ಬಗೆಯ ಚಿತ್ರವನ್ನು ನನ್ನ ಮುಂದೆ ಹಿಡಿಯುತ್ತಾರೆ: ಕೊಪ್ಪಳದ ಮಸಾರಿ ಹೊಲದಲ್ಲೋ ತುಂಗಭದ್ರೆಯ ಹಿನ್ನೀರು ಇಳಿದ ಬಯಲಿನಲ್ಲೋ ಕೊಕ್ಕು ತೆರೆದು, ರೆಕ್ಕೆ ಬಿಚ್ಚಿ ಕ್ಯಾಮೆರಾದತ್ತಲೇ ನುಗ್ಗುತ್ತಿರುವ ಕೆಂಪು ಟಿಟ್ಟಿಭ. ಕಳೆದ ವರ್ಷ ಗಂಗಾವತಿಯ ಹುಡುಗನೊಬ್ಬ, "ಸರ, ಎಷ್ಟ ಸನೇಕ ಬಂತು ನೋಡ್ರಿ, ನನಗ ಅಂಜಲೇ ಇಲ್ಲ" ಎಂದು ಹಿಗ್ಗಿದ. ಒಳ್ಳೆಯ ಹುಡುಗ, ಆದರೂ ನನಗೆ ಸಿಟ್ಟು ತಡೆಯಲಾಗಲಿಲ್ಲ.

ಲೆನ್ಸು, ಶಟರ್ ವೇಗಗಳ ಮಾತು ಇಲ್ಲಿ ಬೇಡ. ಆರು ತಿಂಗಳು ಕ್ಯಾಮೆರಾ ಹಿಡಿದವರಿಗೆ ಅದು ತಾನಾಗಿ ಬರುತ್ತದೆ. ಎಷ್ಟು ಹೇಳಿದರೂ ತಲೆಗೆ ಹೋಗದಿರುವುದು ಇದೊಂದೇ: ಹಾರಿಹೋಗದೆ ನಿಮ್ಮ ಸುತ್ತಲೇ ಒದರುತ್ತಿರುವ ಟಿಟ್ಟಿಭಕ್ಕೆ, ಬಹುಮಟ್ಟಿಗೆ, ಹೋಗುವ ದಾರಿಯಿಲ್ಲ. ಅದರ ಮೊಟ್ಟೆಗಳೋ ಮರಿಗಳೋ ಅಲ್ಲೇ ನೆಲದ ಮೇಲಿರುತ್ತವೆ. ಟಿಟ್ಟಿಭ ಮರದಲ್ಲಿ ಗೂಡು ಕಟ್ಟುವುದಿಲ್ಲ. ನೆಲದ ಸಣ್ಣ ತಗ್ಗಿನಲ್ಲಿ, ಹರಳುಗಳ ನಡುವೆ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಅವುಗಳ ಬಣ್ಣ ಮಣ್ಣಿನೊಂದಿಗೆ ಎಷ್ಟು ಬೆರೆತಿರುತ್ತದೆಂದರೆ, ಮೆಟ್ಟುವವರೆಗೂ ಗೊತ್ತಾಗದಿರಬಹುದು.

"ನಾನು ಮೊಟ್ಟೆ ಮುಟ್ಟಲಿಲ್ಲ ಸರ, ಹತ್ತು ನಿಮಿಷ ನಿಂತಿದ್ದೆ ಅಷ್ಟೇ" ಎಂಬುದು ಎಲ್ಲರ ಸಮಜಾಯಿಷಿ. ತೊಡಕಿರುವುದು ಆ ಹತ್ತು ನಿಮಿಷದಲ್ಲೇ. ಕಾವು ಕೊಡುವುದೆಂದರೆ ಮೊಟ್ಟೆಯನ್ನು ಬೆಚ್ಚಗಿಡುವುದು ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ರಾಯಚೂರು, ಬಳ್ಳಾರಿಗಳ ಏಪ್ರಿಲ್ ಮಧ್ಯಾಹ್ನದಲ್ಲಿ ಗಾಳಿಯ ತಾಪವೇ 40 ಡಿಗ್ರಿ ದಾಟಿ, ನೆಲ ಅದಕ್ಕಿಂತಲೂ ಕಾದಿರುವಾಗ, ತಾಯಿ ಹಕ್ಕಿ ಮೊಟ್ಟೆಗಳ ಮೇಲೆ ಕೂರುವುದು ನೆರಳು ಕೊಡಲು. ಸಾಮಾನ್ಯವಾಗಿ ಮೊಟ್ಟೆಯೊಳಗಿನ ಭ್ರೂಣ ಬೆಳೆಯಲು 37-38 ಡಿಗ್ರಿ ಆಸುಪಾಸಿನ ತಾಪ ಸಾಕು; ಅದಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚಿ ಹಾಗೆಯೇ ಉಳಿದರೆ ಅಪಾಯ. ಎಷ್ಟು ನಿಮಿಷಕ್ಕೆ ಹಾನಿಯೆಂಬುದು ಬಿಸಿಲು, ಗಾಳಿ, ನೆಲದ ಮೇಲೆ ನಿಂತ ಮಾತಾದ್ದರಿಂದ ನಾನು ಲೆಕ್ಕ ಕೊಡುವುದಿಲ್ಲ. ಆದರೆ ನೀವು ನಿಂತಷ್ಟು ಹೊತ್ತೂ ಆ ಮೊಟ್ಟೆಗಳು ಬಿಸಿಲಿನಲ್ಲಿರುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಕಾನೂನಿನ ಮಾತು ಬೇಕೆನ್ನುವವರಿಗೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು 'ಬೇಟೆ' ಎಂಬುದಕ್ಕೆ ಕೊಡುವ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳನ್ನು ಕದಡುವುದೂ ಸೇರಿದೆ.

ನನಗಾದರೂ ಇದನ್ನು ಕಲಿಸಿದ್ದು ಪುಸ್ತಕವಲ್ಲ. ಬಹಳ ವರ್ಷಗಳ ಹಿಂದೆ ಮಾನ್ವಿ ಕಡೆಯ ಹೊಲವೊಂದರಲ್ಲಿ ಇಂಥದೇ ಚಿತ್ರಕ್ಕಾಗಿ ಮಂಡಿಯೂರಿದ್ದಾಗ, ಕುರಿ ಕಾಯುತ್ತಿದ್ದ ಅಜ್ಜ ದೂರದಿಂದಲೇ ಕೂಗಿದ್ದ: "ತತ್ತಿ ಅದಾವೋ ತಮ್ಮಾ ಅಲ್ಲೆ, ಅದಕ ಒದರಾಕತ್ತೈತಿ. ಈ ಕಡೆ ಬಾ." ತನ್ನ ಕುರಿಗಳನ್ನೂ ಅವನು ಸುತ್ತುಹಾಕಿಸಿ ಹೊಡೆದುಕೊಂಡು ಹೋದ.

ಹಾಗಾದರೆ ಎಲ್ಲಿ ಕೂರಬೇಕು? ನೀರಿನ ಬಳಿ, ಆದರೆ ಹಕ್ಕಿ ಬರುವ ದಾರಿಗೆ ಅಡ್ಡವಾಗದಂತೆ. ಗಂಗಾವತಿಯ ಹುಡುಗನನ್ನು ಮರುವಾರವೇ ಹಿನ್ನೀರಿನ ಅಂಚಿನ ಹೊಂಡವೊಂದಕ್ಕೆ ಕರೆದೊಯ್ದು, ಅರವತ್ತು ಹೆಜ್ಜೆ ದೂರದಲ್ಲಿ ಬಳ್ಳಾರಿ ಜಾಲಿಯ ಚುಕ್ಕಿ ನೆರಳಿನಲ್ಲಿ ಕೂರಿಸಿದೆ. (ಈ ಪರದೇಶಿ ಗಿಡಕ್ಕೆ ನಮ್ಮ ಜಿಲ್ಲೆಯ ಹೆಸರು ಏಕೆ ಅಂಟಿತೆಂದು ನನಗೆ ಇಂದಿಗೂ ಬೇಸರ, ನೆರಳಿಗಂತೂ ಒದಗಿತು.) ಒಂದೂವರೆ ಗಂಟೆಯಲ್ಲಿ ಆತ ಆರು ಸಲ ಗಡಿಯಾರ ನೋಡಿಕೊಂಡ. ಆಮೇಲೆ ಟಿಟ್ಟಿಭವೊಂದು ಸದ್ದಿಲ್ಲದೆ ನಡೆದು ಬಂದು, ನೀರಿಗಿಳಿದು, ಹೊಟ್ಟೆಯ ಗರಿಗಳನ್ನು ಮತ್ತೆ ಮತ್ತೆ ಅದ್ದಿ, ತೊಟ್ಟಿಕ್ಕುತ್ತಲೇ ಬಯಲಿನತ್ತ ಓಡಿತು. ಮೊಟ್ಟೆಗಳನ್ನು ತಂಪು ಮಾಡಲು ಈ ಹಕ್ಕಿಗಳು ಹೀಗೆ ನೀರು ಒಯ್ಯುತ್ತವೆ. ಓಡಿದ ದಿಕ್ಕಿಗೆ ಹುಡುಗ ಎದ್ದು ನಿಲ್ಲಲು ಹೋದ. ಅಂಗಿ ಹಿಡಿದು ಕೂರಿಸಿದೆ. ಅವನ ಚಿತ್ರದಲ್ಲಿ ಹಕ್ಕಿ ಹೆಬ್ಬೆರಳಿನಷ್ಟೇ ಇದೆ, ಹೊಟ್ಟೆಯಡಿಯಲ್ಲಿ ಮೂರು ಹನಿಗಳು ಸ್ಪಷ್ಟವಾಗಿ ಕಾಣುತ್ತವೆ.